ಬೀಗ ಹಾಕಿದ ಮನೆಗಳ ಲೆಕ್ಕ

ನಾನು ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ. ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದೆ. ನಡುವೆ ಒಂಬತ್ತು ವರ್ಷ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್ನೆಸ್ಸೆಸ್‌ನ, ಅಧಿಕಾರಿಯಾಗಿ ಹುಡುಗರನ್ನು ಕಟ್ಟಿಕೊಂಡು ಹಳ್ಳಿ ತಿರುಗಿದೆ. ನಿವೃತ್ತಿಯಾದ ಮೇಲೆ ಒಮ್ಮೆ ಗ್ರಾಮ ಪಂಚಾಯಿತಿಗೆ ನಿಂತು ಸೋತೆ. ಇಷ್ಟೂ ವರ್ಷ ನನ್ನ ಮೇಜಿನ ಮೇಲೆ ಒಬ್ಬರ ಬದುಕಿನ ಟಿಪ್ಪಣಿಗಳು ಕುಳಿತಿದ್ದವು, ಡಾ. ವಿ.ಕೆ.ಆರ್.ವಿ. ರಾವ್ ಅವರದು. ಭಾರತದ ರಾಷ್ಟ್ರೀಯ ವರಮಾನವನ್ನು ಶಾಸ್ತ್ರೀಯವಾಗಿ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ಅವರು. 1967ರಲ್ಲಿ ಒಮ್ಮೆ, 1971ರಲ್ಲಿ ಮತ್ತೊಮ್ಮೆ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಅವರ ಬದುಕನ್ನು ನಮ್ಮ ಕಡೆಯ ಹುಡುಗರಿಗೆ ತಿಳಿಯುವ ಹಾಗೆ ಹೇಳಬೇಕು, ಅವರು ಕಲಿಸಿದ್ದನ್ನು ನಮ್ಮೂರಲ್ಲಿ ಮಾಡಿ ನೋಡಬೇಕು ಎಂಬುದು ನನ್ನ ಆಸೆಯಾಗಿತ್ತು. ಹೇಳಲು ಹೋದಾಗಲೂ ಎಡವಿದೆ, ಮಾಡಲು ಹೋದಾಗಲೂ ಎಡವಿದೆ. ಮುಂದೆ ಯಾರಾದರೂ ಇದೇ ದಾರಿಯಲ್ಲಿ ಬಂದರೆ ಕಲ್ಲುಗಳು ಎಲ್ಲೆಲ್ಲಿವೆ ಎಂದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

1. ಹುದ್ದೆಗಳ ಪಟ್ಟಿಯಲ್ಲಿ ಮನುಷ್ಯ ಸಿಗುವುದಿಲ್ಲ

ರಾವ್ ಅವರ ಬಗ್ಗೆ ನಾನು ಮೊದಲ ಸಲ ಮಾತನಾಡಿದ್ದು ಕಾಲೇಜಿನ ಒಂದು ಸಮಾರಂಭದಲ್ಲಿ. ಎರಡು ರಾತ್ರಿ ಕುಳಿತು ತಯಾರಿ ಮಾಡಿದ್ದೆ. 1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನನ, ಕೇಂಬ್ರಿಡ್ಜಿನಲ್ಲಿ ಡಾಕ್ಟರೇಟ್, 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸ್ಥಾಪನೆ, 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಯೋಜನಾ ಆಯೋಗದ ಸದಸ್ಯ, ಹಡಗು ಮತ್ತು ಸಾರಿಗೆ ಮಂತ್ರಿ, ಶಿಕ್ಷಣ ಮಂತ್ರಿ, 1974ರಲ್ಲಿ ಪದ್ಮವಿಭೂಷಣ. ಒಂದೂ ಬಿಡದೆ ಓದಿದೆ. ಕೆಳಗೆ ಕೂತ ಹುಡುಗರು ಚಪ್ಪಾಳೆ ತಟ್ಟಿದರು, ಎದ್ದು ಹೋದರು. ಮಾರನೇ ದಿನ ತರಗತಿಯಲ್ಲಿ 'ನಿನ್ನೆ ಹೇಳಿದ್ದರಲ್ಲಿ ಏನು ನೆನಪಿದೆ?' ಅಂತ ಕೇಳಿದೆ. ಎಲ್ಲರೂ ಸುಮ್ಮನಿದ್ದರು. ಕೊನೆಯ ಬೆಂಚಿನ ಒಬ್ಬ ಹುಡುಗಿ, 'ಅವರು ಬಾಳ ದೊಡ್ಡೋರು ಅಂತ ಗೊತ್ತಾತು ಸಾರ್, ಏನ್ ಮಾಡಿದ್ರು ಅಂತ ಗೊತ್ತಾಗಲಿಲ್ಲ' ಅಂದಳು.

ಅವಳ ಮಾತು ನಿಜ. ನಾನು ಕುರ್ಚಿಗಳ ಕಥೆ ಹೇಳಿದ್ದೆ, ಕುರ್ಚಿಯ ಮೇಲೆ ಕುಳಿತವರು ಏನು ಹುಡುಕುತ್ತಿದ್ದರು ಎಂದು ಹೇಳಿರಲಿಲ್ಲ. ಹೇಳಬೇಕಾದರೆ ಮೊದಲು ನನಗೇ ಗೊತ್ತಿರಬೇಕಿತ್ತು. ಅದು ಗೊತ್ತಾಗಲು ಒಂದು ತಾಂಡಾಕ್ಕೆ ಹೋಗಬೇಕಾಯಿತು.

2. ಬೀಗ ಹಾಕಿದ ಮನೆಯನ್ನೂ ಎಣಿಸಬೇಕು

ಎನ್ನೆಸ್ಸೆಸ್‌ನವರು ವರ್ಷಕ್ಕೊಮ್ಮೆ ಏಳು ದಿನ ಹಳ್ಳಿಯಲ್ಲಿ ಬಿಡಾರ ಹೂಡುತ್ತಾರೆ. ನಾನು ಮೊದಲ ಶಿಬಿರವನ್ನು ನಮ್ಮೂರಿಗೇ ತಂದೆ. ಬೆಳಿಗ್ಗೆ ಕೆರೆ ಏರಿಯ ಮೇಲಿನ ಜಾಲಿ ಕಡಿಯುವುದು, ಮಧ್ಯಾಹ್ನ ಮನೆಮನೆ ಸಮೀಕ್ಷೆ, ಸಂಜೆ ಶಾಲೆಯ ಅಂಗಳದಲ್ಲಿ ನಾಟಕ, ಹಾಡು. ಜನವರಿ ತಿಂಗಳು. ಪರೀಕ್ಷೆಗೆ ಇನ್ನೂ ದಿನವಿರುತ್ತದೆ, ಬಿಸಿಲು ಏರಿರುವುದಿಲ್ಲ, ಕಾಲೇಜಿಗೆ ಅನುಕೂಲ. ಆ ಅನುಕೂಲ ನೋಡಿ ದಿನ ಗೊತ್ತು ಮಾಡಿದ್ದು ನಾನೇ.

ಸಮೀಕ್ಷೆಗೆ ಊರಿನ ಜೊತೆಗೆ ಹತ್ತಿರದ ಒಂದು ತಾಂಡಾವನ್ನೂ ಸೇರಿಸಿಕೊಂಡಿದ್ದೆವು. ಅಲ್ಲಿ ಸಾಲು ಸಾಲು ಮನೆಗಳಿಗೆ ಬೀಗ ಬಿದ್ದಿತ್ತು. ಕೆಲವು ಬಾಗಿಲಿಗೆ ಬೀಗವೂ ಇರಲಿಲ್ಲ, ಚಿಲಕಕ್ಕೆ ತಂತಿ ಸುತ್ತಿದ್ದರು ಅಷ್ಟೆ. ಹುಡುಗರು ಫಾರಂನಲ್ಲಿ 'ಮನೆಯಲ್ಲಿ ಯಾರೂ ಇಲ್ಲ' ಎಂದು ಬರೆದು ಮುಂದಿನ ಮನೆಗೆ ಹೋದರು. ನಾನೂ ಒಪ್ಪಿದೆ. ಸಿಕ್ಕ ಮನೆಗಳ ಆದಾಯ ಕೂಡಿಸಿ, ಮನೆಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆದೆವು. ಅದು ನಾನು ಅಂದುಕೊಂಡದ್ದಕ್ಕಿಂತ ಮೇಲಿತ್ತು. ನಮ್ಮ ಕಡೆ ಬಡತನ ಇಳಿದಿದೆ ಎಂದು ಖುಷಿಪಟ್ಟು, ಸಮಾರೋಪದ ದಿನ ಊರಿನವರ ಮುಂದೆ ಆ ಅಂಕಿ ಓದಿಯೇ ಬಿಟ್ಟೆ.

ತಾಂಡಾದಿಂದ ಬಂದಿದ್ದ ಒಬ್ಬ ಅಜ್ಜಿ ಹಿಂದೆ ಕೂತಿದ್ದಳು. ಮಕ್ಕಳು ಸೊಸೆಯಂದಿರು ಗುಳೆ ಹೋದ ಮೇಲೆ ಮೊಮ್ಮಕ್ಕಳನ್ನು ನೋಡಿಕೊಂಡು ಉಳಿದವಳು. 'ಯಪ್ಪಾ, ಇದ್ದೋರ್ ಲೆಕ್ಕ ಹೇಳಿದಿ, ಹೋದೋರ್ ಲೆಕ್ಕ ಎಲ್ಲೈತಿ?' ಅಂದಳು.

ಹೋದವರು ಯಾರು? ಚಿಕ್ಕಮಗಳೂರಿನ ಕಡೆ ಕಾಫಿ ಹಣ್ಣು ಬಿಡಿಸಲು, ಮಂಡ್ಯದ ಕಡೆ ಕಬ್ಬು ಕಡಿಯಲು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು. ಹೊಲ ಇಲ್ಲದವರು, ಇದ್ದರೂ ಮಳೆ ಕೈಕೊಟ್ಟವರು, ಮುಂಗಡ ಪಡೆದು ಅದನ್ನು ದುಡಿದು ತೀರಿಸಬೇಕಾದವರು. ಅಂದರೆ ಊರಿನಲ್ಲೇ ಅತಿ ಬಡವರು. ನನ್ನ ಲೆಕ್ಕದಿಂದ ಬಿಟ್ಟುಹೋದವರು ಅವರೇ. ಅವರು ಬಿಟ್ಟುಹೋದದ್ದಕ್ಕೇ ಸರಾಸರಿ ಮೇಲೇರಿತ್ತು. ಬಡತನ ಇಳಿದಿರಲಿಲ್ಲ, ಬಡವರು ಬಸ್ಸು ಹತ್ತಿದ್ದರು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ, ನಾನೇ ಅದನ್ನು ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡಿದ್ದೆ. ಬೀಗದ ಮುಂದೆ ನಿಂತಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಕಲ್ಲೇಶ್ವರ ಗುಡಿಗೆ ಹೋಗಿ ಕೂತೆ. ನಮ್ಮೂರಿನ ಈ ಗುಡಿ ರಾಷ್ಟ್ರಕೂಟರ ಕಾಲದಲ್ಲಿ ಶುರುವಾಗಿ, ಚಾಲುಕ್ಯ ತೈಲಪನ ಕಾಲಕ್ಕೆ, ಸುಮಾರು 987ರ ಹೊತ್ತಿಗೆ, ಬೆಳೆದು ನಿಂತದ್ದು. ಅಲ್ಲಿ ಹತ್ತರಿಂದ ಹನ್ನೆರಡನೇ ಶತಮಾನದವರೆಗಿನ ಮೂವತ್ತಕ್ಕೂ ಹೆಚ್ಚು ಹಳಗನ್ನಡ ಶಾಸನಗಳಿವೆ. ನಮ್ಮ ಕಡೆಯ ಶಾಸನಗಳಲ್ಲಿ ಇಷ್ಟು ಮತ್ತರು ಭೂಮಿ ಈ ದೇವರಿಗೆ, ಇಷ್ಟು ಈ ಬ್ರಾಹ್ಮಣರಿಗೆ ಎಂಬ ಬರಹ ಮತ್ತೆ ಮತ್ತೆ ಸಿಗುತ್ತದೆ. ಕೊಟ್ಟವರ ಹೆಸರಿದೆ, ತೆಗೆದುಕೊಂಡವರ ಹೆಸರಿದೆ. ಆ ಭೂಮಿಯಲ್ಲಿ ದುಡಿದವರ ಹೆಸರು ನನಗೆ ಎಲ್ಲೂ ಕಾಣಲಿಲ್ಲ. ಸಾವಿರ ವರ್ಷದ ಮೇಲೆ, ಅರ್ಥಶಾಸ್ತ್ರ ಓದಿಕೊಂಡ ನಾನೂ ಅವರನ್ನೇ ಬಿಟ್ಟು ಲೆಕ್ಕ ಬರೆದಿದ್ದೆ.

ಎನ್ನೆಸ್ಸೆಸ್ ಹುಟ್ಟಿದ ಕಥೆಯನ್ನು ನಾನು ಸರಿಯಾಗಿ ಓದಿದ್ದು ಈ ತಪ್ಪಾದ ಮೇಲೆ. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಅದನ್ನು ಶುರು ಮಾಡಿದ ಶಿಕ್ಷಣ ಮಂತ್ರಿ ಇದೇ ರಾವ್. ಆಗ ಅವರು ಬಳ್ಳಾರಿಯ ಸಂಸದರು. ಓದಿದ ಹುಡುಗರು ಹಳ್ಳಿಯ ಬಾಗಿಲಿಗೆ ಹೋಗಬೇಕೆಂದು ಅವರು ಕಟ್ಟಿದ ಯೋಜನೆಯಲ್ಲೇ ನಾನು ಬಾಗಿಲವರೆಗೆ ಹೋಗಿ, ಬೀಗ ನೋಡಿ ವಾಪಸ್ಸು ಬಂದಿದ್ದೆ.

3. 'ಆದಾಯ ಎಷ್ಟು?' ಎಂದು ಕೇಳಿದರೆ ಆದಾಯ ಗೊತ್ತಾಗುವುದಿಲ್ಲ

ಅದೇ ಸಮೀಕ್ಷೆಯ ಇನ್ನೊಂದು ತಪ್ಪು. ಫಾರಂನಲ್ಲಿ 'ತಿಂಗಳ ಆದಾಯ' ಎಂಬ ಒಂದು ಕಾಲಂ ಇಟ್ಟಿದ್ದೆ. ತಿಂಗಳ ಆದಾಯ ಬರುವುದು ನನ್ನಂಥ ಸಂಬಳದವನಿಗೆ. ಎರಡೆಕರೆ ಮಳೆಯಾಶ್ರಿತ ಹೊಲದಲ್ಲಿ ಮೆಕ್ಕೆಜೋಳ, ಬದುವಿನಲ್ಲಿ ಒಂದಿಷ್ಟು ತೊಗರಿ, ಮನೆಯಲ್ಲಿ ನಾಲ್ಕು ಆಡು ಇರುವವರಿಗೆ ತಿಂಗಳ ಆದಾಯ ಎಲ್ಲಿಂದ ಬರಬೇಕು? ಒಬ್ಬರು 'ಏನೂ ಇಲ್ರಿ' ಅಂದರು, ಇನ್ನೊಬ್ಬರು ಸಾಲ ಸಿಗಬಹುದೆಂದುಕೊಂಡು ಹೆಚ್ಚು ಹೇಳಿದರು, ಮತ್ತೊಬ್ಬರು ರೇಷನ್ ಕಾರ್ಡು ರದ್ದಾದೀತೆಂದು ಕಡಿಮೆ ಹೇಳಿದರು. ಮನೆಯಲ್ಲೇ ಉಂಡ ಜೋಳ ಯಾವ ಉತ್ತರದಲ್ಲೂ ಬರಲಿಲ್ಲ. ಮುಯ್ಯಾಳಿಗೆ ಹೋಗಿ ಬಂದ ದಿನಗಳೂ ಬರಲಿಲ್ಲ.

ಇದೇ ಗಂಟನ್ನು ರಾವ್ ಇಪ್ಪತ್ತರ ಕೊನೆಯಲ್ಲಿದ್ದಾಗ ಇಡೀ ದೇಶದ ಮಟ್ಟದಲ್ಲಿ ಬಿಚ್ಚಲು ಕೂತಿದ್ದರು. ಅವರಿಗಿಂತ ಮೊದಲು ದಾದಾಭಾಯಿ ನವರೋಜಿ, ಭಾರತೀಯನ ವರ್ಷದ ವರಮಾನ ಸುಮಾರು 20 ರೂಪಾಯಿ ಎಂದು ಅಂದಾಜು ಮಾಡಿದ್ದರು. ಅದು 1867-68ರ ಲೆಕ್ಕ. ರಾವ್ 1931-32ಕ್ಕೆ ಹಾಕಿದ ಲೆಕ್ಕದಲ್ಲಿ ಬ್ರಿಟಿಷ್ ಭಾರತದ ತಲಾ ವರಮಾನ ವರ್ಷಕ್ಕೆ ಸುಮಾರು 62 ರೂಪಾಯಿ. ನಾನು ತರಗತಿಯಲ್ಲಿ ಈ 20, 62 ಎರಡನ್ನೂ ಬರೆಸಿ, ಪರೀಕ್ಷೆಗೆ ಬರುತ್ತದೆ ಎಂದು ಕೆಳಗೆ ಗೆರೆ ಹಾಕಿಸುತ್ತಿದ್ದೆ. ಅಂಕಿ ಹೇಗೆ ಬಂತು ಎಂದು ಹೇಳುತ್ತಿರಲಿಲ್ಲ.

ಬಂದದ್ದು ಹೀಗೆ. ಬೆಳೆ, ಹಾಲು, ಗಣಿ, ಕಾಡು ಇಂಥವುಗಳಲ್ಲಿ ಏನು ಹುಟ್ಟಿತು ಎಂದು ಎಣಿಸಿ ಅದಕ್ಕೆ ಬೆಲೆ ಕಟ್ಟುವುದು ಒಂದು ದಾರಿ. ವ್ಯಾಪಾರಿ, ಗುಮಾಸ್ತ, ಮನೆಗೆಲಸದವರು, ವೈದ್ಯರು, ಇವರ ಕೆಲಸವನ್ನು ಚೀಲದಲ್ಲಿ ಅಳೆಯಲಾಗದು, ಆದ್ದರಿಂದ ಅವರು ಎಷ್ಟು ಜನ, ಒಬ್ಬೊಬ್ಬರಿಗೆ ಎಷ್ಟು ಬರುತ್ತದೆ ಎಂದು ನೋಡುವುದು ಇನ್ನೊಂದು ದಾರಿ. ರಾವ್ ಎರಡನ್ನೂ ಹೆಣೆದರು. ಅದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು, ತಮ್ಮ ಲೆಕ್ಕ ಎಷ್ಟರ ಮಟ್ಟಿಗೆ ತಪ್ಪಿರಬಹುದು ಎಂಬ ಅಂದಾಜನ್ನೂ ಅವರು ಲೆಕ್ಕದ ಪಕ್ಕದಲ್ಲೇ ಇಟ್ಟದ್ದು. ನನ್ನ ಸಮೀಕ್ಷೆಯಲ್ಲಿ ಅಂಥ ಒಂದು ಸಾಲು ಇದ್ದಿದ್ದರೆ ಆ ಅಜ್ಜಿ ಎದ್ದು ಕೇಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.

ಮುಂದಿನ ವರ್ಷ ಫಾರಂ ಬದಲಾಯಿಸಿದೆ. 'ಎಷ್ಟು ಚೀಲ ಬೆಳೀತು, ಎಷ್ಟು ಮನೆಗೆ ಇಟ್ಟುಕೊಂಡಿರಿ, ಎಷ್ಟು ಮಾರಿದಿರಿ? ಎಷ್ಟು ಮಂದಿ ಗುಳೆ ಹೋಗಿದ್ದರು, ಯಾವ ಹಬ್ಬದಿಂದ ಯಾವ ಹಬ್ಬದವರೆಗೆ? ಮುಂಗಡ ಎಷ್ಟು, ಕೈಗೆ ಬಂದದ್ದೆಷ್ಟು?' ಅಂತ ಕೇಳತೊಡಗಿದೆವು. ಹಬ್ಬದ ಲೆಕ್ಕದಲ್ಲಿ ಕೇಳಿದರೆ ತಿಂಗಳು ತಾನಾಗಿಯೇ ಬರುತ್ತದೆ. ದೀಪಾವಳಿ ಮುಗಿಸಿ ಹೋದೆವು, ಯುಗಾದಿಗೆ ಬಂದೆವು ಎಂದು ಯಾರೂ ತಡವರಿಸದೆ ಹೇಳುತ್ತಾರೆ.

4. ಪುಸ್ತಕದ ಸೂತ್ರ ಸಂತೆಯಲ್ಲೂ ನಿಲ್ಲಬೇಕು

ಪದವಿ ತರಗತಿಗೆ ಕೇನ್ಸ್ ಅವರ ಗುಣಕ ಸಿದ್ಧಾಂತ ಪಾಠ ಮಾಡುವುದೆಂದರೆ ನನಗೆ ಬಹಳ ಇಷ್ಟ. ಸರ್ಕಾರ ನೂರು ರೂಪಾಯಿ ಖರ್ಚು ಮಾಡಿದರೆ ಅದು ಒಬ್ಬನ ವರಮಾನ, ಅವನು ಎಂಬತ್ತು ಖರ್ಚು ಮಾಡಿದರೆ ಇನ್ನೊಬ್ಬನ ವರಮಾನ, ಹೀಗೆ ಸುತ್ತು ಸುತ್ತಿ ಐದುನೂರಾಗುತ್ತದೆ. ಹಲಗೆ ತುಂಬ ಬಾಣ ಬರೆದು ಮುಗಿಸುವಾಗ ಒಂದು ತೃಪ್ತಿ. ಒಂದು ವರ್ಷ, ಹೊಲಮನೆ ಕಂಡಿದ್ದ ಒಬ್ಬ ಹುಡುಗ ಕೈ ಎತ್ತಿದ. 'ಸಾರ್, ಬರಗಾಲದಾಗೆ ಕಾಮಗಾರಿ ತೆಗೆದು ಎಲ್ಲಾರ ಕೈಯಾಗೂ ದುಡ್ಡು ಬಂತು ಅಂದ್ರೆ ನಮ್ಮ ಸಂತ್ಯಾಗೆ ಜೋಳದ ರೇಟು ಏರತೈತಿ. ಜೋಳ ಹೆಚ್ಚಿಗೆ ಎಲ್ಲಿಂದ ಬರತೈತಿ?'

'ಅದು ಬೇರೆ ವಿಷಯ, ಕೂತ್ಕೋ' ಅಂದೆ. ಇವತ್ತಿಗೂ ಆ 'ಕೂತ್ಕೋ' ನನ್ನನ್ನು ಚುಚ್ಚುತ್ತದೆ.

ಅದು ಬೇರೆ ವಿಷಯವಾಗಿರಲಿಲ್ಲ. ಕೆಲವು ವರ್ಷಗಳ ಮೇಲೆ ರಾವ್ ಅವರ 1952ರ ಒಂದು ಪ್ರಬಂಧ ಓದಿದೆ. ಕೇಂಬ್ರಿಡ್ಜಿನಲ್ಲಿ ಕೇನ್ಸ್ ಅವರ ವಿದ್ಯಾರ್ಥಿಯಾಗಿದ್ದವರು, ಗುರುವಿನ ಗುಣಕ ನಮ್ಮಂಥ ದೇಶದಲ್ಲಿ ಗುರು ಹೇಳಿದ ಹಾಗೆ ನಡೆಯುವುದಿಲ್ಲ ಎಂದು ಅದರಲ್ಲಿ ವಾದಿಸಿದ್ದಾರೆ. ಇಂಗ್ಲೆಂಡಿನಲ್ಲಿ ಕಾರ್ಖಾನೆ ಇದೆ, ಯಂತ್ರವಿದೆ, ಬೇಡಿಕೆ ಇಲ್ಲದೆ ಎಲ್ಲವೂ ನಿಂತಿದೆ. ದುಡ್ಡು ಸುರಿದರೆ ಚಕ್ರ ತಿರುಗುತ್ತದೆ. ಇಲ್ಲಿ ಬಹುಪಾಲು ಜನ ಯಾರದೋ ಕೈಕೆಳಗೆ ಕೂಲಿಗಿಲ್ಲ, ಮನೆಯ ಹೊಲದಲ್ಲಿ ಮನೆಯವರೇ ದುಡಿಯುತ್ತಾರೆ. ಕೈಗೆ ದುಡ್ಡು ಬಂದರೆ ಮೊದಲು ಕೊಳ್ಳುವುದು ಕಾಳು. ಬೆಳೆದವನೂ ಹೊಟ್ಟೆ ತುಂಬ ಉಂಡು ಮಾರುವುದನ್ನು ಕಡಿಮೆ ಮಾಡುತ್ತಾನೆ. ಫಸಲು ಮಾತ್ರ ಮಳೆಯ ಮಾತು ಕೇಳುತ್ತದೆ, ದುಡ್ಡಿನ ಮಾತು ಕೇಳುವುದಿಲ್ಲ. ಆದ್ದರಿಂದ ಏರುವುದು ಬೆಲೆ. ಚುಟುಕಾಗಿ, ಎರಡೇ ಸಾಲಿನಲ್ಲಿ, ನಮ್ಮ ಹುಡುಗ ಇದನ್ನೇ ಕೇಳಿದ್ದ.

ಅವನಿಗೆ ಪತ್ರ ಬರೆದೆ. ಅಷ್ಟರಲ್ಲಿ ಅವನು ಓದು ಬಿಟ್ಟು ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಂದು ದಿನ ಕೊಟ್ಟೂರಿನ ತೇರಿನಲ್ಲಿ ಸಿಕ್ಕಿ, 'ನೀವು ಬರೆದಿದ್ದು ಬಂತು ಸಾರ್, ಇಟ್ಕೊಂಡೀನಿ' ಅಂದ. ಅವನು ಇನ್ನಷ್ಟು ಓದಬೇಕಿತ್ತು. ಆವತ್ತು ನಾನು 'ಕೂತ್ಕೋ' ಅನ್ನದೆ 'ಮುಂದಕ್ಕೆ ಬಾ, ಹಲಗೆ ಮೇಲೆ ಬರೆ' ಅಂದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ.

5. 'ಅತ್ಯಂತ ಹಿಂದುಳಿದ' ಎಂದು ಊರಿನವರ ಮುಖಕ್ಕೆ ಓದುವ ಮುನ್ನ

ಕನ್ನಡದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ. ಅವರು ಚುನಾವಣೆಗೆ ನಿಂತು ಬಂದವರಲ್ಲ. ಎರಡು ವಿಶ್ವವಿದ್ಯಾಲಯಗಳ ಕುಲಪತಿಯಾಗಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ಸರ್ಕಾರದ ಒಳಗೆ ಕೂತು ಕೆಲಸ ಮಾಡಿದವರು. ಪ್ರಾದೇಶಿಕ ಅಸಮತೋಲನದ ಬಗ್ಗೆ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಹಿಡಿದು ರಾಜ್ಯದ 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸೂಚಿಸಿತು. ಆ 39ರಲ್ಲಿ ನಮ್ಮ ಹರಪನಹಳ್ಳಿ ಇದೆ, ಪಕ್ಕದ ಕೂಡ್ಲಿಗಿ ಇದೆ, ಅದಿರಿನ ಸಂಡೂರೂ ಇದೆ.

ನಾನು ಆ ಪಟ್ಟಿಯನ್ನು ಗ್ರಾಮಸಭೆಯೊಂದರಲ್ಲಿ ಓದಿದೆ, ನಮ್ಮ ಪರವಾಗಿಯೇ ಓದುತ್ತಿದ್ದೇನೆ ಎಂಬ ಉಮೇದಿನಲ್ಲಿ. ಹಿರಿಯರೊಬ್ಬರು ಎದ್ದು ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು, 'ಸಾವಿರ ವರ್ಷದ ಗುಡಿ ಇಟ್ಕೊಂಡೋರು ನಾವು. ನಮ್ಮೂರಾಗೆ ಹುಟ್ಟಿ ನಮ್ಮನ್ನ ಹಿಂದುಳಿದೋರು ಅಂತೀಯಲ್ಲ ತಮ್ಮಾ' ಎಂದು ನಡೆದುಬಿಟ್ಟರು. ಅವರ ಹಿಂದೆ ಇನ್ನೂ ಹತ್ತು ಜನ ಹೋದರು.

ತಪ್ಪು ವರದಿಯದಲ್ಲ. ವರದಿ ಅಳೆದದ್ದು ಶಾಲೆ, ಆಸ್ಪತ್ರೆ ಹಾಸಿಗೆ, ರಸ್ತೆ, ನೀರಾವರಿ, ಬ್ಯಾಂಕು ಎಷ್ಟು ಹತ್ತಿರ ಬಂದಿವೆ ಎಂಬುದನ್ನು. ನಮ್ಮನ್ನು ಅದು ಅಳೆದಿರಲಿಲ್ಲ. 'ನಮಗೆ ಬರಬೇಕಾದದ್ದು ಇನ್ನೂ ಬಂದಿಲ್ಲ' ಎಂದು ಹೇಳುವ ಬದಲು 'ನಾವು ಹಿಂದುಳಿದಿದ್ದೇವೆ' ಎಂದು ನಾನು ಹೇಳಿದ್ದೆ. ಎರಡೂ ಮಾತಿಗೆ ಒಂದೇ ಅಂಕಿ, ಆದರೆ ಕೇಳುವವರಿಗೆ ಒಂದರಲ್ಲಿ ಹಕ್ಕು ಕಾಣುತ್ತದೆ, ಇನ್ನೊಂದರಲ್ಲಿ ಅವಮಾನ. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟು, ನೀರಾವರಿಯ ಕಾಲಂ ಒಂದನ್ನೇ ಮೂರು ಸಲ ಓದಿಸಿಕೊಂಡರು.

ಕಾಗದದ ಮೇಲಿನ ಗೆರೆ ಬದುಕನ್ನು ಹೇಗೆ ಹಿಡಿದೆಳೆಯುತ್ತದೆ ಎಂಬುದನ್ನು ನಮ್ಮ ತಾಲ್ಲೂಕು ಮೈಮೇಲೆ ಕಂಡಿದೆ. 1953ರವರೆಗೆ ಮದರಾಸಿನ ಬಳ್ಳಾರಿ, ಆಮೇಲೆ ಮೈಸೂರಿನ ಬಳ್ಳಾರಿ, 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ. ಸಂವಿಧಾನದ 98ನೇ ತಿದ್ದುಪಡಿಯಿಂದ, ಕೆಲವು ಜಿಲ್ಲೆಗಳಿಗೆ ಮೀಸಲಾತಿ ಕೊಡುವ 371(ಜೆ) ಬಂದಾಗ ಬಳ್ಳಾರಿ ಒಳಗೆ, ನಾವು ಹೊರಗೆ. ಕೂಡ್ಲಿಗಿಯ ಹುಡುಗಿಗೆ ಮೀಸಲು ಸೀಟಿತ್ತು, ಅದೇ ಕೆಂಪು ಮಣ್ಣಿನ, ಅದೇ ಬರದ ಹರಪನಹಳ್ಳಿ ಹುಡುಗಿಗೆ ಇರಲಿಲ್ಲ. ಹೋರಾಟ ನಡೆಯಿತು, ಮರಳಿ ಬಳ್ಳಾರಿಗೆ ಸೇರಿದೆವು, 2021ರಲ್ಲಿ ವಿಜಯನಗರ ಜಿಲ್ಲೆಯವರಾದೆವು. ಲೋಕಸಭೆಗೆ ಮಾತ್ರ ಈಗಲೂ ದಾವಣಗೆರೆ ಕ್ಷೇತ್ರ. ಮೊದಮೊದಲು ನಾನು ರಾವ್ ಅವರನ್ನು 'ನಮ್ಮೂರವರೇ ಆರಿಸಿ ಕಳಿಸಿದ ಸಂಸದರು' ಎಂದು ಭಾಷಣದಲ್ಲಿ ಹೇಳಿಬಿಡುತ್ತಿದ್ದೆ. ಜಿಲ್ಲೆಯ ಗೆರೆಯೇ ಬೇರೆ, ಕ್ಷೇತ್ರದ ಗೆರೆಯೇ ಬೇರೆ ಎಂದು ಒಬ್ಬರು ತಿದ್ದಿದ ಮೇಲೆ 'ಬಳ್ಳಾರಿಯ ಸಂಸದರು' ಎಂದಷ್ಟೇ ಹೇಳುತ್ತೇನೆ.

6. ಕರಪತ್ರದಲ್ಲಿ ಕೋಷ್ಟಕ ಹಾಕಿ ಮತ ಕೇಳಿದೆ

ರಾವ್ ಬಳ್ಳಾರಿಯಲ್ಲಿ ಮೊದಲ ಸಲ ಗೆದ್ದಾಗ ಅವರಿಗೆ 58 ವರ್ಷ. ಅವರ ಬದುಕು ಓದಿ ಓದಿ ನನಗೂ ಅನ್ನಿಸಿತು, ಹೊರಗೆ ನಿಂತು ಲೆಕ್ಕ ಹೇಳಿದ್ದು ಸಾಕು, ಒಳಗೆ ಹೋಗಿ ಮಾಡಬೇಕು ಎಂದು. ನಿವೃತ್ತಿಯ ಮೇಲೆ ಪಂಚಾಯಿತಿ ಚುನಾವಣೆಗೆ ಅರ್ಜಿ ಹಾಕಿದೆ. ಕರಪತ್ರದ ಒಂದು ಬದಿಗೆ ನನ್ನ ವಿನಂತಿ, ಇನ್ನೊಂದು ಬದಿಗೆ ಕೋಷ್ಟಕ. ಉದ್ಯೋಗ ಖಾತರಿಯಲ್ಲಿ ಎಷ್ಟು ಕುಟುಂಬಕ್ಕೆ ಕಾರ್ಡಿದೆ, ಎಷ್ಟು ಕುಟುಂಬಕ್ಕೆ ನೂರು ದಿನ ಕೆಲಸ ಸಿಕ್ಕಿದೆ, ಕೂಲಿ ಎಷ್ಟು ತಡವಾಗಿ ಬಂದಿದೆ. ನನಗೆ ಅದು ಊರಿಗೆ ಕೊಡುವ ಗೌರವ ಎನಿಸಿತ್ತು.

ಒಂದು ಮನೆಯಲ್ಲಿ ಹೆಣ್ಣುಮಗಳೊಬ್ಬಳು ಕರಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, 'ಮೇಷ್ಟ್ರೇ, ಇದರಾಗೆ ನಮ್ಮ ಮನೆ ಯಾವುದು?' ಎಂದು ಕೇಳಿದಳು. ಅವಳ ಮನೆಯವರು ಮಾಡಿದ್ದ ಕೆಲಸಕ್ಕೆ ಕೂಲಿ ಬಂದಿರಲಿಲ್ಲ. ಅವಳಿಗೆ ಬೇಕಿದ್ದದ್ದು ತನ್ನ ಕೂಲಿ ಎಲ್ಲಿ ನಿಂತಿದೆ ಎಂಬ ಉತ್ತರ. ನನ್ನ ಕೋಷ್ಟಕದಲ್ಲಿ ಅವಳೂ ಸೇರಿದ್ದಳು, ಆದರೆ ಅವಳಿಗೆ ಅವಳು ಕಾಣುತ್ತಿರಲಿಲ್ಲ. 'ನೋಡಿ ಹೇಳ್ತೀನಮ್ಮಾ' ಎಂದು ಮುಂದಿನ ಮನೆಗೆ ಹೋದೆ. ಪ್ರಚಾರದ ಗಡಿಬಿಡಿಯಲ್ಲಿ ಮರೆತೆ. ನನ್ನ ಎದುರಾಳಿ ಮರೆಯಲಿಲ್ಲ, ಅವಳ ಬ್ಯಾಂಕ್ ಪುಸ್ತಕ ಹಿಡಿದು ತಾನೇ ಓಡಾಡಿ ತಪ್ಪಾಗಿದ್ದ ಖಾತೆ ಸಂಖ್ಯೆ ಸರಿ ಮಾಡಿಸಿದ. ಅವನು ಗೆದ್ದ. ಗೆಲ್ಲಬೇಕಾದ್ದೇ.

ಸೋತದ್ದಕ್ಕಿಂತ, ಹೇಳಿ ಮರೆತದ್ದು ಈಗಲೂ ನೋಯಿಸುತ್ತದೆ. ಒಂದಿಡೀ ದೇಶದ ವರಮಾನವನ್ನು ಹಾಲು, ಕಾಳು, ಕೂಲಿಯಿಂದ ಕೂಡಿಸಿದವರ ಬದುಕನ್ನು ಅಷ್ಟು ವರ್ಷ ಓದಿದವನು ನಾನು. ಒಟ್ಟು ಮೊತ್ತದಿಂದ ಒಂದು ಮನೆಗೆ ಮರಳಿ ಬರುವ ದಾರಿ ನನಗೆ ಗೊತ್ತಿರಬೇಕಿತ್ತು.

7. ಯೋಚನೆ ಬೇರೆ ಹೆಸರಿನಲ್ಲಿ ಬಂದರೂ ಗುರುತಿಸಬೇಕು

ಇದು ಚಿಕ್ಕದು. ವಿಶ್ವಸಂಸ್ಥೆಯಲ್ಲಿ ಆರ್ಥಿಕ ಅಭಿವೃದ್ಧಿಯ ಉಪ ಆಯೋಗದ ಅಧ್ಯಕ್ಷರಾಗಿದ್ದಾಗ, 1949ರಲ್ಲಿ, ಬಡ ದೇಶಗಳಿಗೆ ಕಡಿಮೆ ಬಡ್ಡಿಯ ದೀರ್ಘ ಸಾಲ ಕೊಡುವ ಒಂದು ಸಂಸ್ಥೆ ಬೇಕೆಂದು ರಾವ್ ಪ್ರಸ್ತಾಪಿಸಿದರು. ದೊಡ್ಡ ದೇಶಗಳು ಒಪ್ಪಲಿಲ್ಲ. ಯೋಚನೆ ಹೆಸರು ಬದಲಿಸಿಕೊಂಡು, ರೂಪ ಬದಲಿಸಿಕೊಂಡು ಹನ್ನೊಂದು ವರ್ಷ ತಿರುಗಿತು. ಕೊನೆಗೆ 1960ರಲ್ಲಿ ವಿಶ್ವಬ್ಯಾಂಕಿನೊಳಗೆ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯಾಗಿ ಹುಟ್ಟಿತು. ಅವರು ಕೇಳಿದ್ದು ವಿಶ್ವಸಂಸ್ಥೆಯ ಕೈಯಲ್ಲಿರುವ ಸಂಸ್ಥೆ, ಸಿಕ್ಕಿದ್ದು ಬ್ಯಾಂಕಿನ ಕೈಯಲ್ಲಿರುವುದು. ನಾನು ಇದನ್ನು ಬಹಳ ಕಾಲ ಅವರ ಸೋಲು ಎಂದೇ ಪಾಠ ಮಾಡಿದೆ.

ಆಮೇಲೆ ಕರ್ನಾಟಕದ ಕೆರೆಗಳ ಹೂಳು ತೆಗೆಸಿ, ಕೆರೆ ಬಳಕೆದಾರರ ಸಂಘ ಕಟ್ಟುವ ಜಲ ಸಂವರ್ಧನೆ ಯೋಜನೆ 2002ರಲ್ಲಿ ಬಂತು. ಅದಕ್ಕೆ ಸಾಲ ಕೊಟ್ಟದ್ದು ಅದೇ ಸಂಸ್ಥೆ. ಕಾಗದದಲ್ಲಿ ಆ ಹೆಸರು ಕಂಡ ದಿನ ನನ್ನ ಹಳೆಯ ಟಿಪ್ಪಣಿ ತೆಗೆದು 'ಸೋಲು' ಎಂಬ ಪದವನ್ನು ಹೊಡೆದು ಹಾಕಿದೆ.

8. ನಾನಿಲ್ಲದಾಗ ನಿಂತುಹೋಗುವುದನ್ನು ಕಟ್ಟಬಾರದು

ಸಮೀಕ್ಷೆಯ ತಪ್ಪುಗಳಿಂದ ಕಲಿತ ಮೇಲೆ 'ಊರ ಲೆಕ್ಕ' ಎಂದು ಒಂದು ದಪ್ಪ ರಿಜಿಸ್ಟರ್ ಶುರು ಮಾಡಿದೆ. ಮಳೆ, ಬಿತ್ತನೆ, ಬೆಲೆ, ಗುಳೆ ಹೋದವರು, ಬಂದವರು. ನಾಲ್ಕು ವರ್ಷ ನಾನೇ ಬರೆದೆ. ನನ್ನ ಅಕ್ಷರ, ನನ್ನ ಗುರುತುಗಳು, ನನಗಷ್ಟೇ ತಿಳಿಯುವ ಸಂಕ್ಷೇಪಗಳು. ಬೇರೆ ಊರಿಗೆ ವರ್ಗವಾಯಿತು. ರಿಜಿಸ್ಟರನ್ನು ಒಬ್ಬರ ಕೈಗೆ ಕೊಟ್ಟು ಹೋದೆ. ಎರಡು ವರ್ಷದ ಮೇಲೆ ಬಂದು ನೋಡಿದರೆ ನಾನು ಬಿಟ್ಟ ಪುಟದಿಂದ ಒಂದು ಸಾಲೂ ಮುಂದೆ ಹೋಗಿರಲಿಲ್ಲ. ಬರೆಯಲು ಮನಸ್ಸಿದ್ದವರಿಗೂ ನನ್ನ ಗುರುತುಗಳು ಅರ್ಥವಾಗಿರಲಿಲ್ಲ.

ರಾವ್ ಮೂರು ದೊಡ್ಡ ಸಂಸ್ಥೆ ಕಟ್ಟಿದರು. 1949ರಲ್ಲಿ ದೆಹಲಿ ಸ್ಕೂಲ್, 1958ರಲ್ಲಿ ಆರ್ಥಿಕ ಬೆಳವಣಿಗೆಯ ಸಂಸ್ಥೆ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಎಲ್ಲರೂ ಐಸೆಕ್ ಎನ್ನುವುದು ಇದನ್ನೇ. ಕೊನೆಯದನ್ನು ಕಟ್ಟುವಾಗ ಅವರು ಬಳ್ಳಾರಿಯ ಸಂಸದರಾಗಿಯೇ ಇದ್ದರು. ಒಂದನ್ನು ಕಟ್ಟುವುದು, ಅದು ನಡೆಯುವಂತೆ ಮಾಡಿ ಮುಂದಿನದಕ್ಕೆ ಹೋಗುವುದು. 1991ರಲ್ಲಿ ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು, ಮೂರೂ ನಡೆಯುತ್ತಿವೆ. ನಾನು ಅವರ ಮಂತ್ರಿಗಿರಿಯನ್ನು ಬೆರಗಿನಿಂದ ನೋಡುತ್ತಿದ್ದವನು. ಈಗ ಕೇಳಿದರೆ, ಎರಡು ಸಲ ಸಂಸತ್ತಿಗೆ ಗೆದ್ದದ್ದಕ್ಕಿಂತ ಈ ಬಿಟ್ಟು ಹೋಗುವ ವಿದ್ಯೆಯೇ ಅವರ ಬದುಕಿನ ಕಷ್ಟದ ಭಾಗ ಎನ್ನುತ್ತೇನೆ.

ಹೊಸ ರಿಜಿಸ್ಟರ್ ತಂದೆವು. ಈ ಸಲ ಕಾಲಂಗಳನ್ನು ನಾನು ಹಾಕಲಿಲ್ಲ. ತಾಂಡಾದಿಂದ ಬಿ.ಎ. ಓದಿದ ಇಬ್ಬರು ಹುಡುಗಿಯರು, ಅಂಗನವಾಡಿಯ ಒಬ್ಬರು, ಕೆರೆ ಸಂಘದ ಒಬ್ಬರು ಕೂತು ತಾವೇ ಗೆರೆ ಎಳೆದರು. ಅವರು ಜನವರಿಯಲ್ಲಿ ಮನೆ ಸುತ್ತುವುದಿಲ್ಲ. ಗುಳೆ ಹೋದವರು ಯುಗಾದಿಗೆ ಬರುತ್ತಾರೆ, ಬಂದವರು ಮುಂಗಾರು ಬಿತ್ತನೆಯವರೆಗೆ ಇರುತ್ತಾರೆ. ಆ ನಡುವೆ ಸುತ್ತುತ್ತಾರೆ. ಆಗಲೂ ಬಾಗಿಲು ಹಾಕಿರುವ ಮನೆ ಸಿಕ್ಕರೆ ಪಕ್ಕದ ಮನೆಯಲ್ಲಿ ಕೇಳಿ, ಎಲ್ಲಿಗೆ ಹೋಗಿದ್ದಾರೆ, ಎಷ್ಟು ಮಂದಿ, ಶಾಲೆಗೆ ಹೋಗುವ ಮಕ್ಕಳು ಜೊತೆಗೆ ಹೋಗಿದ್ದಾರೋ ಅಜ್ಜಿಯ ಹತ್ತಿರ ಇದ್ದಾರೋ ಎಂದು ಬರೆಯುತ್ತಾರೆ. ಅದಕ್ಕೇ ಒಂದು ಕಾಲಂ ಇದೆ. ಹೋದ ವರ್ಷ ಅವರು ನನ್ನ ಮನೆಗೂ ಬಂದರು. ಚಿಕ್ಕವಳು ಪೆನ್ನಿನ ಮುಚ್ಚಳ ತೆಗೆದು, 'ಸಾರ್, ಈ ವರ್ಷ ನಿಮ್ಮ ಹೊಲದಾಗೆ ಎಷ್ಟು ಚೀಲ ಆತು, ಮನೆಗೆ ಎಷ್ಟು ಇಟ್ಕೊಂಡ್ರಿ?' ಎಂದು ಕೇಳಿದಳು.